ಬ್ರಾನ್ ಕೋಟೆ ರಕ್ತಪಿಶಾಚಿಯ ಮನೆಯೇ? ಸತ್ಯಾಂಶ

ರುಮೇನಿಯಾದ ಬ್ರಾನ್ ಕೋಟೆಯ ಫೋಟೊ ಹಾಕಿ, ರಕ್ತ ಕುಡಿಯುತ್ತಿದ್ದ ದೊರೆ ವ್ಲಾಡ್ ಇಲ್ಲೇ ವಾಸವಿದ್ದ, ಬಿಸಿಲಿಗೆ ಬಂದರೆ ಸುಟ್ಟುಹೋಗುತ್ತಿದ್ದ ಎನ್ನುವ ಸಂದೇಶ ಮತ್ತೆ ಮತ್ತೆ ಬರುತ್ತಿರುತ್ತದೆ. ಇದು ಸರಿಯಲ್ಲ. 15ನೇ ಶತಮಾನದ ವ್ಲಾಡ್ ಆಳಿದ್ದು ಈಗಿನ ರುಮೇನಿಯಾದ ದಕ್ಷಿಣ ಭಾಗವಾದ ವಲಾಕಿಯಾವನ್ನು. ಬ್ರಾನ್ ಅವನ ಅರಮನೆಯಾಗಿರಲಿಲ್ಲ. ಜನರನ್ನು ಶೂಲಕ್ಕೇರಿಸಿ ಕುಖ್ಯಾತನಾದದ್ದೇನೋ ನಿಜ. ಆದರೆ ಡ್ರಾಕುಲಾ ಎಂಬ ಅವನ ಅಡ್ಡಹೆಸರು ರಕ್ತಪಿಶಾಚಿಗೆ ಅಂಟಿಕೊಂಡದ್ದು 1897ರ ಇಂಗ್ಲಿಷ್ ಕಾದಂಬರಿಯಿಂದ. ಅದರಲ್ಲೂ ಪಿಶಾಚಿ ಹಗಲಲ್ಲಿ ಓಡಾಡುತ್ತದೆ. ಬಿಸಿಲಿಗೆ ಸಾಯುವ ಕಲ್ಪನೆ 1922ರ ಜರ್ಮನ್ ಮೂಕಿಚಿತ್ರದ್ದು.

ರುಮೇನಿಯಾದ ಹಳ್ಳಿಗರ ನಂಬಿಕೆಯೇ ಬೇರೆ, ಇನ್ನೂ ಸ್ವಾರಸ್ಯದ್ದು. ಗೋರಿಯಿಂದ ಎದ್ದು ಸ್ವಂತ ಮನೆಯವರನ್ನೇ ಕಾಡುವ ಸತ್ತವರು ಸ್ಟ್ರಿಗೋಯ್. ಬದುಕಿರುವ ಸ್ಟ್ರಿಗೋಯ್‌ಗಳೂ ಉಂಟು, ಅವರು ಪಕ್ಕದ ಮನೆಯ ಹಸುವಿನ ಹಾಲು ಕದಿಯುತ್ತಾರಂತೆ. ತಲೆಗೆ ಪೊರೆ ಸುತ್ತಿಕೊಂಡು ಹುಟ್ಟಿದ ಮಗುವಿನ ಮೇಲೆ ಈ ಅನುಮಾನ. ತೋಳದ ರೂಪ ತಾಳುವುದು ಪ್ರಿಕೋಲಿಚ್; ವರ್ಕೋಲಾಕ್ ನಮ್ಮ ರಾಹುವಿನಂತೆ ಚಂದ್ರನನ್ನು ನುಂಗುತ್ತದೆ. ಪಿಶಾಚಿ ಬೆಳ್ಳುಳ್ಳಿಗೆ ಹೆದರುತ್ತದೆ ಎನ್ನುವ ಮಾತು ಮಾತ್ರ ಅಸಲಿ ಜಾನಪದ: ನವೆಂಬರ್ 30ರ ಸಂತ ಆಂಡ್ರ್ಯೂ ಹಬ್ಬದ ಹಿಂದಿನ ರಾತ್ರಿ ಅದನ್ನು ಬಾಗಿಲು, ಕಿಟಕಿಗಳಿಗೆ ಉಜ್ಜುತ್ತಾರೆ.

ಫೋಟೊ ನಿಜವಾದ್ದರಿಂದ ಅಡಿಬರಹವನ್ನೂ ನಂಬುವುದು ಸಹಜ. ಗೂಗಲ್ ಲೆನ್ಸ್‌ನಲ್ಲಿ ಜಾಗದ ಹೆಸರು ಕಂಡುಕೊಂಡು, 15ನೇ ಶತಮಾನದ ನಕ್ಷೆ ತೆರೆಯಿರಿ: ಬ್ರಾನ್ ಇರುವುದು ವಲಾಕಿಯಾದ ಗಡಿಯ ಆಚೆ, ಟ್ರಾನ್ಸಿಲ್ವೇನಿಯಾದಲ್ಲಿ. ಬಳಿಕ ಸಂದೇಶದ ಒಂದೊಂದು ಮಾತೂ ಮೊದಲು ಯಾವ ಇಸವಿಯ ಬರಹದಲ್ಲಿ ಕಾಣುತ್ತದೆ ಎಂದು ಹುಡುಕಿ.