ಒಳ್ಳೆ ವರ್ಷ ಬಂದಾಗ ಕೂಡಿಡೋಕೆ ಬಿಡಿ

ಸ್ವಂತ ದುಡಿಮೆ ಮಾಡೋರ ಮುಪ್ಪಿನ ಉಳಿತಾಯಕ್ಕೆ ನಮ್ಮಲ್ಲಿರೋ ಮಿತಿಗಳನ್ನ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ಪ್ರತಿ ತಿಂಗಳು ಒಂದೇ ತಾರೀಖಿಗೆ ಒಂದೇ ಮೊತ್ತ ಕೈಗೆ ಬರೋರನ್ನ ಮಾತ್ರ ಮನಸ್ಸಲ್ಲಿಟ್ಟುಕೊಂಡು ಮಾಡಿದ ಮಿತಿಗಳು ಇವು. ಗ್ಯಾರೇಜ್ ಇಟ್ಟೋರು, ವಕೀಲರು, ಟೈಲರ್, ಕ್ಯಾಟರಿಂಗ್‌ನೋರು, ಇವರ ಆದಾಯ ಹಾಗೆ ಬರಲ್ಲ.

ಪಿಪಿಎಫ್‌ನೇ ತಗೊಳ್ಳಿ. ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ ಅದು. ವರ್ಷಕ್ಕೆ ಕಟ್ಟೋಕೆ ಬಿಡೋದು 1.5 ಲಕ್ಷ, 2014ರಿಂದ ಅಷ್ಟೇ. ಚಿಕ್ಕ ಮಕ್ಕಳ ಹೆಸರಲ್ಲಿ ಇನ್ನೊಂದು ಖಾತೆ ತೆಗೆದರೂ ಎರಡೂ ಸೇರಿ ಅದೇ ಮಿತಿ.

ನನ್ನ ಭಾವಮೈದುನ ದಾವಣಗೆರೆಯಲ್ಲಿ ಮದುವೆ ಫೋಟೋಗ್ರಾಫರ್. ಆಷಾಢ, ಧನುರ್ಮಾಸ ಬಂತು ಅಂದ್ರೆ ಕೈ ಖಾಲಿ. ಕೋವಿಡ್ ಬಂದ ಎರಡು ವರ್ಷವಂತೂ ಮದುವೆಗಳು ಮನೆಯಂಗಳದಲ್ಲೇ ಮುಗಿದವು, ಆಲ್ಬಮ್ ಕೇಳೋರಿಲ್ಲ, ಕ್ಯಾಮೆರಾ ಸಾಲದ ಕಂತು ಮಾತ್ರ ತಪ್ಪಲಿಲ್ಲ. ಪಿಪಿಎಫ್ ಖಾತೆ ನಿಂತುಹೋಗದಿರಲಿ ಅಂತ ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟಿದ. ಆಮೇಲೆ ಮುಂದೂಡಿದ್ದ ಮದುವೆಗಳೆಲ್ಲ ಒಟ್ಟಿಗೆ ಬಂದವು. ಮಾರ್ಚ್ ಕೊನೆಗೆ ಅವನ ಕೈಯಲ್ಲಿ 4 ಲಕ್ಷ ಇತ್ತು, ಅಷ್ಟನ್ನೂ ಖಾತೆಗೆ ಹಾಕೋ ಮನಸ್ಸೂ ಇತ್ತು. ಹಾಕೋಕೆ ಆಗಿದ್ದು 1.5 ಲಕ್ಷ. ಹಿಂದಿನ ಎರಡು ವರ್ಷ ಅವನು ಬಳಸದೇ ಬಿಟ್ಟ 2,99,000 ರೂಪಾಯಿ ಮಿತಿ ಲೆಕ್ಕಕ್ಕೇ ಇಲ್ಲ. ಮಿಕ್ಕ ದುಡ್ಡು ಹೊಸ ಲೆನ್ಸು, ಮನೆ ರಿಪೇರಿ ಅಂತ ಕರಗಿತು. ಅದು ಅವನ ದುಂದುಗಾರಿಕೆ ಅಲ್ಲ. ಅಂಗಡಿ ಇಟ್ಟೋರ ಕೈಯಲ್ಲಿ ಬಿಡಿ ದುಡ್ಡು ನಿಲ್ಲಲ್ಲ, ಬೀಗ ಹಾಕೋ ಜಾಗ ಬೇಕು.

ಕೆನಡಾದಲ್ಲಿರೋ ಕನ್ನಡಿಗರನ್ನ ಆರ್‌ಆರ್‌ಎಸ್‌ಪಿ ಬಗ್ಗೆ ಕೇಳಿ ನೋಡಿ. ಅದು ಅಲ್ಲಿನ ಮುಪ್ಪಿನ ಉಳಿತಾಯ ಖಾತೆ. ಹಿಂದಿನ ವರ್ಷದ ದುಡಿಮೆಯ ಶೇ. 18ರ ತನಕ ಕಟ್ಟಬಹುದು, ಒಂದು ಗರಿಷ್ಠ ಮೊತ್ತದ ಒಳಗೆ. ಈ ವರ್ಷ ಕಟ್ಟೋಕೆ ಆಗಲಿಲ್ವಾ, ಆ ಮಿತಿ ಮುಂದಿನ ವರ್ಷಗಳಿಗೆ ಸೇರಿಕೊಳ್ಳುತ್ತೆ. ಬ್ರಿಟನ್ನಿನ ಪಿಂಚಣಿ ಉಳಿತಾಯದಲ್ಲೂ ಹಿಂದಿನ ಮೂರು ವರ್ಷ ಬಳಸದೇ ಉಳಿದದ್ದನ್ನ ತರಬಹುದು. ಅಮೆರಿಕದಲ್ಲಿ ಹಾಗೆ ತರೋಕೆ ಬಿಡಲ್ಲ, ಆದ್ರೆ ಸ್ವಂತ ಉದ್ಯೋಗದೋರ ಸೆಪ್ ಐಆರ್‌ಎ ಖಾತೆಗೆ ಆ ವರ್ಷದ ರಿಟರ್ನ್ ಗಡುವಿನ ತನಕ ಹಣ ಹಾಕಬಹುದು. ಲಾಭ ಎಷ್ಟು ಅಂತ ಗೊತ್ತಾದ ಮೇಲೆ ಕಟ್ಟೋದು! ನಮ್ಮಲ್ಲಿ ಲೆಕ್ಕದ ಪುಸ್ತಕ ಮುಚ್ಚೋಕೆ ಮೊದಲೇ, ಮಾರ್ಚ್ 31ಕ್ಕೆ, ಬಾಗಿಲು ಹಾಕಿಬಿಡ್ತಾರೆ.

ಇನ್ನು ತೆರಿಗೆ. ಹಳೇ ಪದ್ಧತಿಯಲ್ಲಿ ಸ್ವಂತ ಉದ್ಯೋಗದೋರು ಸರ್ಕಾರದ ಪಿಂಚಣಿ ಉಳಿತಾಯ ಯೋಜನೆಯಾದ ಎನ್‌ಪಿಎಸ್‌ಗೆ ಒಟ್ಟು ಆದಾಯದ ಶೇ. 20ರಷ್ಟು ಕಟ್ಟಿ ವಿನಾಯಿತಿ ಪಡೀಬಹುದು ಅಂತಾರೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಅದು ಎಲ್‌ಐಸಿ, ಮಕ್ಕಳ ಫೀಸು, ಪಿಪಿಎಫ್ ಎಲ್ಲ ತುರುಕಿರೋ ಅದೇ 1.5 ಲಕ್ಷದ ಒಳಗೆ ಬರಬೇಕು. ಮೇಲೆ ಎನ್‌ಪಿಎಸ್‌ಗೇ ಅಂತ ಇರೋ 50 ಸಾವಿರದ ವಿನಾಯಿತಿ ಸೇರಿಸಿದ್ರೆ 2 ಲಕ್ಷಕ್ಕೆ ಮುಗೀತು. ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ಅದೇ ಹೊಸ ಪದ್ಧತಿಯಲ್ಲಿ ಕಂಪನಿ ತನ್ನ ನೌಕರನ ಎನ್‌ಪಿಎಸ್‌ಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 14ರ ತನಕ ಹಾಕಿದ್ರೆ ಅದಕ್ಕೆ ವಿನಾಯಿತಿ ಇದೆ. ತಿಂಗಳಿಗೆ ಲಕ್ಷ ರೂಪಾಯಿ ಬೇಸಿಕ್ ಇರೋರಿಗೆ ವರ್ಷಕ್ಕೆ 1,68,000. ಸಿಗಲಿ, ಬೇಡ ಅನ್ನಲ್ಲ. ತನಗೆ ತಾನೇ ಮಾಲೀಕ ಆದವನಿಗೆ ಯಾಕಿಲ್ಲ?

"ವ್ಯಾಪಾರದೋರು ಖರ್ಚು ತೋರಿಸ್ತಾರಲ್ಲ" ಅಂತ ಸಂಬಳದ ಗೆಳೆಯರು ಹೇಳ್ತಾರೆ. ಅಂಗಡಿ ಬಾಡಿಗೆ, ಹುಡುಗರ ಕೂಲಿ ಖರ್ಚೇ. ಅದರಲ್ಲಿ ಅವನ ಅರವತ್ತನೇ ವಯಸ್ಸಿನ ಊಟ ಎಲ್ಲಿದೆ? ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕ ತೆರಿಗೆನೇ ಇಲ್ವಲ್ಲ ಅನ್ನೋದು ನಿಜ, ಆದ್ರೆ ಒಳ್ಳೆ ವರ್ಷದ ಆದಾಯ ಅದನ್ನ ದಾಟಿದಾಗಲೇ ತಾನೇ ಕೂಡಿಡೋಕೆ ಆಗೋದು.

ಸದ್ಯಕ್ಕೆ ಒಂದು ದಾರಿ ಇದೆ. ಎನ್‌ಪಿಎಸ್ ಟಯರ್ 1, ಅಂದ್ರೆ ಮುಖ್ಯ ಪಿಂಚಣಿ ಖಾತೆಗೆ, ವಿನಾಯಿತಿಗೆ ಮಿತಿ ಉಂಟೇ ಹೊರತು ಹಣ ಹಾಕೋಕೆ ಮೇಲ್ಮಿತಿ ಇಲ್ಲ. ಶೇರು ಮಾರುಕಟ್ಟೆಯ ಏರಿಳಿತ ಅದಕ್ಕುಂಟು, ಬೇಕೆಂದಾಗ ತೆಗೆಯೋಕೂ ಆಗಲ್ಲ, ಅದನ್ನ ತಿಳಿದೇ ಹಾಕಿ. ಬಜೆಟ್‌ಗೆ ಮುಂಚೆ ಹಣಕಾಸು ಸಚಿವಾಲಯ ಮೈಗೌ ಜಾಲತಾಣದಲ್ಲಿ ಜನರ ಸಲಹೆ ಕೇಳುತ್ತೆ. ನಾನು ಎರಡು ಬರೀತೀನಿ: ಪಿಪಿಎಫ್‌ನಲ್ಲಿ ಬಳಸದೇ ಉಳಿದ ಮಿತಿಯನ್ನ ಕನಿಷ್ಠ ಮೂರು ವರ್ಷ ಮುಂದಕ್ಕೆ ಒಯ್ಯೋಕೆ ಬಿಡಿ, ಹೊಸ ಪದ್ಧತಿಯಲ್ಲಿ ಸ್ವಂತ ಉದ್ಯೋಗದೋರ ಎನ್‌ಪಿಎಸ್‌ಗೂ ಶೇ. 14 ಕೊಡಿ. ಒಪ್ಪೋರು ನೀವೂ ಬರೀರಿ.