ಸಿಗ್ನಲ್ಲಿನಲ್ಲಿ ಮಿನುಗುವ ಕೆಂಪು ದೀಪ

ಮೇ ತಿಂಗಳ ಮಧ್ಯಾಹ್ನ ಹಳೆಯ ಪ್ರೀಮಿಯರ್ ಪದ್ಮಿನಿಯೊಂದು ಮುಂಬಯಿಯ ಸಯನ್ ಸಿಗ್ನಲ್ಲಿಗೆ ಬಂದು ನಿಂತರೆ, ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ (ಆಯಿಲಿನ ಪ್ರೆಶರ್ ಇಳಿದರೆ ಹತ್ತುವುದು) ಮೆಲ್ಲಗೆ ಮಿನುಗತೊಡಗುತ್ತದೆ. ಹಸಿರು ಬಿದ್ದು ಗಾಡಿ ಹೊರಟಿತೋ, ಆರಿತು. ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಅದೇ. ಯಜಮಾನರು ಇದಕ್ಕೆ ಬೇಗ ಒಗ್ಗಿಹೋಗುತ್ತಾರೆ. ನಿಂತಲ್ಲೇ ಚೂರು ರೇಸ್ ಕೊಟ್ಟು ದೀಪವನ್ನು ಸುಮ್ಮನಿರಿಸುವುದನ್ನು ಕಾಲು ತಾನಾಗಿ ಕಲಿತುಬಿಡುತ್ತದೆ. ಪಕ್ಕದಲ್ಲಿ ಕೂತವರು "ಅದೇನ್ರೀ ಕೆಂಪು?" ಎಂದರೆ "ಏನಿಲ್ಲ, ಬಿಸಿಗೆ" ಎಂಬ ಉತ್ತರ ಸಿದ್ಧವಿರುತ್ತದೆ.

ಬಿಸಿಗೆ ಎಂಬುದು ಸುಳ್ಳೇನಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಇಂಥ ಎಂಜಿನ್ನಿಗೆ ಹಾಕುವ 20ಡಬ್ಲ್ಯೂ-50 ಆಯಿಲ್ 40 ಡಿಗ್ರಿಯಲ್ಲಿ ಇದ್ದಷ್ಟು ಗಟ್ಟಿ 100 ಡಿಗ್ರಿಯಲ್ಲಿ ಇರುವುದಿಲ್ಲ. ಹತ್ತನೇ ಒಂದು ಪಾಲಿನ ಹತ್ತಿರಕ್ಕೆ ಇಳಿದಿರುತ್ತದೆ. ಆದರೆ ಎಂಜಿನ್ ಹೊಸದಾಗಿದ್ದಾಗಲೂ ಆಯಿಲ್ ಹೀಗೇ ತೆಳುವಾಗುತ್ತಿತ್ತು, ದೀಪ ಮಾತ್ರ ಹತ್ತುತ್ತಿರಲಿಲ್ಲ. ನಡುವೆ ಸವೆದದ್ದು ಬೇರಿಂಗು.

ಆಯಿಲ್ ಪಂಪು ಪ್ರೆಶರ್ ತಯಾರಿಸುತ್ತದೆಂದು ನಂಬಿದವರೇ ಹೆಚ್ಚು. ಅದು ತಯಾರಿಸುವುದು ಹರಿವನ್ನು, ಅಷ್ಟೆ. ಚೇಂಬರಿನೊಳಗೆ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಯೊಳಗೆ) ಕೂತ ಎರಡು ಗೇರುಗಳು ಸುತ್ತಿಗಿಷ್ಟು ಎಂದು ಆಯಿಲನ್ನು ಹಲ್ಲಿನ ಸಂದಿಯಲ್ಲಿ ಹೊತ್ತು ಆಚೆ ಹಾಕುತ್ತವೆ. ಆ ಆಯಿಲ್ ಹೋಗುವ ದಾರಿ ಇಕ್ಕಟ್ಟಾಗಿದ್ದರೆ ಮಾತ್ರ ಪ್ರೆಶರ್ ಹುಟ್ಟುತ್ತದೆ. ಚಾಳಿನಲ್ಲಿ ಕೆಳಗಿನವರೆಲ್ಲ ಒಟ್ಟಿಗೆ ನಲ್ಲಿ ಬಿಟ್ಟುಕೊಂಡರೆ ಮೂರನೇ ಮಾಳಿಗೆಯ ನಲ್ಲಿಯಲ್ಲಿ ಗಾಳಿಯಷ್ಟೇ ಬರುತ್ತದಲ್ಲ, ಹಾಗೆ. ಮೇನ್ ಬೇರಿಂಗು, ಬಿಗ್ ಎಂಡು, ಕ್ಯಾಮ್ ಬುಷ್ಷು (ಎಂಜಿನ್ನಿನೊಳಗೆ ತಿರುಗುವ ಭಾಗಗಳನ್ನು ಹೊರುವ ಬೇರಿಂಗುಗಳೇ ಎಲ್ಲ) ಸವೆಯುತ್ತ ಹೋದಂತೆ ಕೆಳಗಿನ ನಲ್ಲಿಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಕೊನೆಗೆ ಒಣಗುವುದು ಮೇಲೆ ವಾಲ್ವುಗಳ ಬಳಿ ಇರುವ ರಾಕರ್ ಶಾಫ್ಟು.

ಇದರ ಲೆಕ್ಕ ಮಾತ್ರ ನಿರ್ದಯವಾದದ್ದು. ಎರಡು ಇಂಚು ದಪ್ಪದ ಜರ್ನಲ್ಲಿಗೆ (ಶಾಫ್ಟಿನಲ್ಲಿ ಬೇರಿಂಗು ಕೂರುವ ಭಾಗಕ್ಕೆ) 0.002 ಇಂಚು ಸಂದು ಸರಿಯಾದದ್ದು. ಸಂದಿಯಿಂದ ಸೋರುವ ಆಯಿಲ್ ಏರುವುದು ಸಂದಿನ ಘನದ ಲೆಕ್ಕದಲ್ಲಿ. 0.002 ಸವೆದು 0.004 ಆದರೆ ಸೋರಿಕೆ ಎರಡು ಪಟ್ಟಲ್ಲ, ಎಂಟು ಪಟ್ಟು. ಇತ್ತ ಪಂಪು ಕ್ಯಾಮ್‌ಶಾಫ್ಟಿನಿಂದ ಓಡುವುದರಿಂದ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಗಾಡಿ ನಿಂತಾಗಿನ ಐಡ್ಲಿಂಗ್ ನಿಮಿಷಕ್ಕೆ 700 ಸುತ್ತು ಇದ್ದರೆ ಪಂಪಿನ ಸುತ್ತು 350. ಸಿಗ್ನಲ್ಲಿನಲ್ಲೇ ಯಾಕೆ ದೀಪ ಹತ್ತುತ್ತದೆ ಎಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ.

ಇಲ್ಲಿಂದ ಮನೆಮದ್ದುಗಳು ಶುರು. ಮೊದಲನೆಯದು, ರಿಲೀಫ್ ವಾಲ್ವಿನ ಸ್ಪ್ರಿಂಗಿನ ಹಿಂದೆ ವಾಷರ್ ಇಡುವುದು. ಈ ವಾಲ್ವು 50–60 ಪಿಎಸ್‌ಐ (ಪ್ರೆಶರಿನ ಅಳತೆ) ಆಸುಪಾಸಿನಲ್ಲಿ ತೆರೆದು ಹೆಚ್ಚಾದ ಆಯಿಲನ್ನು ವಾಪಸ್ ಚೇಂಬರಿಗೆ ಬಿಡುವ ಸಾಧನ. ಬಿಸಿ ಐಡ್ಲಿಂಗಿನಲ್ಲಿ ಪ್ರೆಶರ್ 6 ಇರುವಾಗ ಅದು ಹೇಗೂ ಮುಚ್ಚಿಯೇ ಇದೆ. ಮುಚ್ಚಿದ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿ ಫಲವೇನು? ಬೆಳಿಗ್ಗೆ ತಣ್ಣಗಿರುವಾಗ ಪ್ರೆಶರ್ ಅತಿಯಾಗಿ ಏರಿ ಫಿಲ್ಟರಿನ ರಬ್ಬರ್ ಕಿತ್ತುಬರಬಹುದು, ಅಷ್ಟೆ.

ಎರಡನೆಯದು ಹೈ ವಾಲ್ಯೂಮ್ ಪಂಪು. ಇದರ ತವರು ಅಮೆರಿಕದ ವಿ8 ಎಂಜಿನ್ನುಗಳ ಲೋಕ. ಗೇರಿನ ಉದ್ದ ಹೆಚ್ಚು, ಹಾಗಾಗಿ ಅದೇ ಸುತ್ತಿಗೆ 20–25 ಶೇಕಡಾ ಹೆಚ್ಚು ಆಯಿಲ್. ರೇಸಿಗೆಂದೇ ಬೇರಿಂಗ್ ಸಂದು ಹೆಚ್ಚು ಬಿಟ್ಟು, ಆಯಿಲ್ ಕೂಲರ್ ಸೇರಿಸಿ, ದೊಡ್ಡ ಚೇಂಬರ್ ಕಟ್ಟಿದ ಎಂಜಿನ್ನಿಗೆ ಅದು ತಕ್ಕ ಪಂಪು. ಸವೆದ ಎಂಜಿನ್ನಿಗೆ? ಎಂಟು ಪಟ್ಟು ಸೋರಿಕೆಯ ಎದುರು ಕಾಲು ಭಾಗದ ಹೆಚ್ಚಳ. 6 ಇದ್ದದ್ದು 8 ಆದೀತು. ದೀಪದ ಸ್ವಿಚ್ಚು ಸಾಮಾನ್ಯವಾಗಿ 5–7ರ ಹತ್ತಿರ ಕೆಲಸ ಮಾಡುವುದರಿಂದ ದೀಪವೇನೋ ಆರುತ್ತದೆ, ಯಜಮಾನರಿಗೆ ನಿದ್ದೆಯೂ ಬರುತ್ತದೆ. ಅತ್ತ ಖಂಡಾಲಾ ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲಿ ಕಿರುಚುತ್ತ ಏರುವಾಗ ಹೆಚ್ಚಿನ ಆಯಿಲೆಲ್ಲ ರಿಲೀಫ್ ವಾಲ್ವಿನಲ್ಲಿ ಸುಮ್ಮನೆ ಸುತ್ತಿ ಬಿಸಿಯಾಗುತ್ತದೆ. ಮೇಲೆ ರಾಕರ್ ಕಡೆಗೆ ಹೋದದ್ದು ಅದೇ ವೇಗದಲ್ಲಿ ಇಳಿಯದಿದ್ದರೆ ಸಣ್ಣ ಚೇಂಬರು ಬರಿದಾಗಿ ಪಂಪು ಗಾಳಿ ಎಳೆಯುತ್ತದೆ. ಇನ್ನೊಂದು ಪೆಟ್ಟು ಯಾರೂ ನೆನೆಯದ ಕಡೆ ಬೀಳುತ್ತದೆ: ಅನೇಕ ಹಳೆಯ ಎಂಜಿನ್ನುಗಳಲ್ಲಿ ಪಂಪನ್ನೂ ಡೆಲ್ಕೋವನ್ನೂ (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನೂ) ತಿರುಗಿಸುವುದು ಒಂದೇ ಗೇರು. ಹೊರೆ ಹೆಚ್ಚಾಗಿ ಅದು ಸವೆದರೆ ಕಿಡಿಯ ಟೈಮಿಂಗು ಅಲೆದಾಡುತ್ತದೆ, ಕಾರಣ ತಿಳಿಯದ ಮೆಕ್ಯಾನಿಕ್ಕು ಕಾರ್ಬುರೇಟರ್ ಬಿಚ್ಚುತ್ತಾನೆ.

2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಗಳು ರಸ್ತೆ ಬಿಟ್ಟವು. ಈಗ ಉಳಿದಿರುವುದು ಮುಲುಂಡಿನಲ್ಲೋ ಡೊಂಬಿವಲಿಯಲ್ಲೋ ಬಟ್ಟೆ ಹೊದ್ದು ನಿಂತು, ರಜೆ ಬಂದರೆ ಊರಿನ ಕನಸು ಕಾಣುವ ಮನೆಯ ಗಾಡಿಗಳು. ಅವಕ್ಕೆ ಮೊದಲು ಬೇಕಾದದ್ದು ಪಂಪಲ್ಲ, ಗೇಜು. ಸ್ವಿಚ್ಚು ಬಿಚ್ಚಿ ತಾಮ್ರದ ನಳಿಗೆಯ ಗೇಜು ಹಾಕಿ (ಪ್ಲಾಸ್ಟಿಕ್ ನಳಿಗೆ ಒಡೆದರೆ ಕುದಿವ ಆಯಿಲ್ ಎಲ್ಲೆಡೆ ಎರಚುತ್ತದೆ), ಇಪ್ಪತ್ತು ನಿಮಿಷ ಓಡಿಸಿ, ಆಮೇಲೆ ನೋಡಬೇಕು. ಸಾವಿರ ಸುತ್ತಿಗೆ 10 ಪಿಎಸ್‌ಐ ಎಂಬುದು ಹಳೆಯ ಗಣಿತ; ಬಿಸಿಯಾದಾಗ 2000 ಸುತ್ತಿನಲ್ಲಿ 20 ಸಿಕ್ಕರೆ ಗಾಬರಿ ಬೇಡ.

ಸಿಗದಿದ್ದರೆ ಡಿಪ್‌ಸ್ಟಿಕ್ ಮೂಸಿ. ಎಂಜಿನ್ನಿಗೆ ಪೆಟ್ರೋಲ್ ಎಳೆದು ಕೊಡುವ ಪಂಪಿನ ಡಯಾಫ್ರಾಮ್ (ರಬ್ಬರ್ ಪೊರೆ) ಹರಿದರೆ ಪೆಟ್ರೋಲ್ ನೇರ ಚೇಂಬರಿಗಿಳಿದು ಆಯಿಲನ್ನು ತಿಳಿಸಾರು ಮಾಡುತ್ತದೆ. ಲೆವೆಲ್ ಏರಿದ್ದು ಕಂಡು ಖುಷಿಪಡುವವರೂ ಇದ್ದಾರೆ. ಆಮೇಲೆ ರಿಲೀಫ್ ವಾಲ್ವಿನ ಪ್ಲಂಜರು: ಕಸ ಸಿಕ್ಕಿ ಅರ್ಧ ತೆರೆದು ನಿಂತಿರಬಹುದು. ಚೇಂಬರ್ ಇಳಿಸಿದಾಗ ಜಾಲರಿಯಲ್ಲಿ ಯಾರೋ ಧಾರಾಳವಾಗಿ ಬಳಿದ ಸಿಲಿಕೋನ್ ಅಂಟಿನ ಚೂರುಗಳು ಸಿಕ್ಕರೆ ಆಶ್ಚರ್ಯವಿಲ್ಲ. ಪಂಪಿನ ಮುಖದ ಮೇಲೆ ಉಕ್ಕಿನ ಪಟ್ಟಿ ಅಡ್ಡವಿಟ್ಟು, ಅದಕ್ಕೂ ಗೇರಿಗೂ ನಡುವೆ ಫೀಲರ್ ಗೇಜು ತೂರಿಸಿ ನೋಡಿ, 0.004 ಇಂಚು ಮೀರಿದ್ದರೆ ಪಂಪು ಸವೆದಿದೆ. ಗೆರೆ ಬಿದ್ದ ಮುಚ್ಚಳವನ್ನು ಗಾಜಿನ ಮೇಲೆ ಹಾಸಿದ 400ರ ಎಮರಿ ಕಾಗದದಲ್ಲಿ ಆಯಿಲ್ ಹಾಕಿ ತಿಕ್ಕಿದರೆ ಎಷ್ಟೋ ಸಲ ಹೊಸ ಪಂಪು ಬೇಡವಾಗುತ್ತದೆ.

ಇಷ್ಟಾದ ಮೇಲೂ ಗೇಜು ಏಳದಿದ್ದರೆ ಹಾಫ್ ಎಂಜಿನ್ ಕೆಲಸವೇ (ಎಂಜಿನ್ನಿನ ಕೆಳಭಾಗ ಬಿಚ್ಚಿ ಮಾಡುವ ರಿಪೇರಿಯೇ) ದಾರಿ: ಜರ್ನಲ್ ಅಳೆದು, ಬೇಕಾದರೆ ಗ್ರೈಂಡ್ ಮಾಡಿಸಿ, ಹತ್ತೋ ಇಪ್ಪತ್ತೋ ಸೈಜಿನ (ಗ್ರೈಂಡಿನಲ್ಲಿ ಸಣ್ಣದಾದ ಜರ್ನಲ್ಲಿಗೆ ಹೊಂದುವ) ಬೇರಿಂಗು, ಜೊತೆಗೆ ಕಂಪನಿ ಅಳತೆಯದೇ ಪಂಪು. ಕೂರಿಸುವ ಮುನ್ನ ಪಂಪಿನೊಳಗೆ ವ್ಯಾಸಲೀನ್ ತುಂಬಿ. ಒಣ ಗೇರು ಆಯಿಲನ್ನು ಸುಲಭವಾಗಿ ಮೇಲೆಳೆಯುವುದಿಲ್ಲ. ಗ್ರೀಸ್ ಬೇಡ, ಅದು ಸಣ್ಣ ದಾರಿಗಳಲ್ಲಿ ಕೂತುಬಿಡುತ್ತದೆ. ಪ್ಲಗ್ಗುಗಳನ್ನು ಬಿಚ್ಚಿಟ್ಟು, ಗೇಜಿನ ಮುಳ್ಳು ಏಳುವ ತನಕ ಸ್ಟಾರ್ಟರಿನಲ್ಲೇ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿ. 500 ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಎರಡೂ ಬದಲಿಸಬೇಕು. ಊರಿಗೆ ಹೋಗುವುದೇನಿದ್ದರೂ ಅದಾದ ಮೇಲೆ.