ಕಳೆದದ್ದು ಒಂದು ಕೀ, ಬಿಲ್ಲಿನಲ್ಲಿ ಬಂದದ್ದು ಒಂಬತ್ತು ಸಾಲು

ಮೋಟಾರ್‌ಸೈಕಲ್ಲಿನ ಸ್ಮಾರ್ಟ್ ಕೀ ಕಳೆದುಕೊಂಡದ್ದು ನನ್ನ ತಪ್ಪು. ಮಳೆ ನಿಂತ ಮೇಲೆ ರೇನ್‌ಕೋಟ್ ಬಿಚ್ಚಿ ಮಡಚುವಾಗ ಅದರ ಹೊರಜೇಬಿನಿಂದ ಎಲ್ಲೋ ಜಾರಿರಬೇಕು. ಬಂದ ದಾರಿಯಲ್ಲೇ ಎರಡು ಸಲ ಹಿಂದಕ್ಕೆ ನಡೆದು ಹುಡುಕಿದರೂ ಸಿಗಲಿಲ್ಲ. ಹೊಸ ಕೀಗೆ ಬೆಲೆ ಇರುತ್ತದೆ, ಅದರ ಲೋಹದ ಭಾಗವನ್ನು ಕತ್ತರಿಸುವುದಕ್ಕೆ ಕೂಲಿ ಇರುತ್ತದೆ, ಗಾಡಿ ಅದನ್ನು ಗುರುತಿಸುವಂತೆ ನೋಂದಾಯಿಸುವುದಕ್ಕೂ ಕೂಲಿ ಇರುತ್ತದೆ ಎಂಬುದನ್ನು ಒಪ್ಪಿಕೊಂಡು, ಅಷ್ಟನ್ನೂ ಗೊಣಗದೆ ಕೊಡುವ ಮನಸ್ಸಿನಿಂದಲೇ ನಾನು ಡೀಲರ್ ಬಳಿ ಹೋಗಿದ್ದೆ. ಮೂರು ವಾರಗಳ ನಂತರ ಕೈಗೆ ಬಂದ ಬಿಲ್ಲಿನಲ್ಲಿ ಒಂಬತ್ತು ಸಾಲುಗಳಿದ್ದವು, ಕೀಗಳ ಬೆಲೆಗಿಂತ ಉಳಿದ ಸಾಲುಗಳ ಮೊತ್ತವೇ ಹೆಚ್ಚಾಗಿತ್ತು, ಆ ಸಾಲುಗಳಲ್ಲಿ ಕೆಲವಕ್ಕೆ ಅರ್ಥವೇನೆಂದು ಕೌಂಟರಿನಲ್ಲಿದ್ದ ಯಾರಿಗೂ ಹೇಳಲಾಗಲಿಲ್ಲ. ಹಣ ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಸುಡುತ್ತಿರುವುದು ಇದು: ಗಾಡಿ ಮಾರುವಾಗಲೂ ಆಮೇಲೂ ಹೇಳಬೇಕಾಗಿದ್ದ ಮಾತುಗಳನ್ನು ಹೇಳದೆ ಬಿಟ್ಟವರು, ನಾನು ತಿಳಿಯದೆ ಸಿಕ್ಕಿಹಾಕಿಕೊಂಡಾಗ ಆ ತಿಳಿಯದಿರುವಿಕೆಗೇ ದರ ಕಟ್ಟಿದರು.

ಗಾಡಿ ಕೈಗೆ ಕೊಟ್ಟ ದಿನ ಎರಡು ಕೀಗಳನ್ನು ಕೊಟ್ಟಿದ್ದರು. ಅಂದು ವಿಸ್ತರಿತ ವಾರಂಟಿಯ ಬಗ್ಗೆ, ಪೇಂಟ್‌ಗೆ ಬಳಿಯುವ ಲೇಪನದ ಬಗ್ಗೆ, ಇಂಜಿನ್ ಗಾರ್ಡ್ ಬಗ್ಗೆ ಬಿಡುವಿಲ್ಲದೆ ವಿವರಿಸಿದ ಮಾರಾಟದ ಸಿಬ್ಬಂದಿಗೆ ಕೀಗಳ ಬಗ್ಗೆ ಒಂದು ವಾಕ್ಯ ಹೇಳುವಷ್ಟು ಸಮಯ ಸಿಗಲಿಲ್ಲ. ಮನೆ ಬದಲಿಸುವಾಗ ಅವುಗಳಲ್ಲಿ ಒಂದು ಕಳೆದುಹೋಯಿತು. ಮುಂದಿನ ಸರ್ವಿಸ್‌ಗೆ ಗಾಡಿ ಬಿಟ್ಟಾಗ ನಾನಾಗಿಯೇ ಸರ್ವಿಸ್ ಅಡ್ವೈಸರನ್ನು ಕೇಳಿದೆ, ಇನ್ನೊಂದು ಕೀ ಮಾಡಿಸಿಕೊಳ್ಳಬೇಕೇ ಎಂದು. "ಒಂದು ಇದೆಯಲ್ಲ ಸರ್, ಈಗೇನೂ ಅವಸರವಿಲ್ಲ, ಮುಂದೆ ನೋಡೋಣ" ಎಂದರು. ನಾನು ನಂಬಿದೆ. ಕೆಲಸ ಮಾಡುವ ಒಂದು ಕೀ ಕೈಯಲ್ಲಿರುವಾಗ ಇನ್ನೊಂದನ್ನು ಸೇರಿಸುವುದು ಒಂದು ಕೆಲಸ, ಒಂದೂ ಇಲ್ಲದಾಗ ಹೊಸದನ್ನು ಸೇರಿಸುವುದು ಅದರ ಹಲವು ಪಟ್ಟು ಕಷ್ಟದ, ಹಲವು ಪಟ್ಟು ದುಬಾರಿಯಾದ ಬೇರೆಯೇ ಕೆಲಸ ಎಂಬುದು ಆ ಮನುಷ್ಯನಿಗೆ ಗೊತ್ತಿತ್ತು, ಏಕೆಂದರೆ ದಿನವೂ ಆ ಎಸ್ಟಿಮೇಟುಗಳನ್ನು ಬರೆಯುವವರು ಅವರೇ. ಆ ದಿನ ಆ ಒಂದು ಮಾತನ್ನು ಹೇಳಿದ್ದರೆ ಈ ಬಿಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಹುಟ್ಟುತ್ತಲೇ ಇರಲಿಲ್ಲ.

ಈ ವ್ಯತ್ಯಾಸ ಏಕೆ ಬರುತ್ತದೆ ಎಂಬುದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಇಮ್ಮೊಬಿಲೈಜರ್, ಅಂದರೆ ಗುರುತಿಲ್ಲದ ಕೀಯಿಂದ ಇಂಜಿನ್ ಚಾಲೂ ಆಗದಂತೆ ತಡೆಯುವ ವ್ಯವಸ್ಥೆ, ಇರುವ ಗಾಡಿಯ ಮಾಮೂಲಿ ಕೀಯಲ್ಲಿ, ಪ್ಲಾಸ್ಟಿಕ್ ಹಿಡಿಯೊಳಗೆ, ಒಂದು ಸಣ್ಣ ಚಿಪ್ ಇರುತ್ತದೆ. ಅದಕ್ಕೆ ಸೆಲ್ ಬೇಕಿಲ್ಲ. ಇಗ್ನಿಷನ್ ಬೀಗದ ಸುತ್ತ ಇರುವ ಸುರುಳಿಯಿಂದ ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ಅಲೆ ಹೊರಡುತ್ತದೆ, ಅದರಿಂದಲೇ ಚಿಪ್ ಶಕ್ತಿ ಪಡೆದು ತನ್ನ ಗುರುತನ್ನು ಹೇಳುತ್ತದೆ, ಗುರುತು ಹೊಂದಿದರೆ ಮಾತ್ರ ಇಂಜಿನ್ ಚಾಲೂ ಆಗುತ್ತದೆ. ಜೇಬಿನಲ್ಲೇ ಇಟ್ಟುಕೊಳ್ಳುವ ಸ್ಮಾರ್ಟ್ ಕೀಯಲ್ಲಿ ಇದರ ಜೊತೆಗೆ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇರುತ್ತದೆ. ಗಾಡಿ ಹತ್ತಿರದಿಂದ ಕರೆದಾಗ ಅದು 315 ಅಥವಾ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಉತ್ತರಿಸುತ್ತದೆ, ಅದಕ್ಕಾಗಿಯೇ ಒಳಗೆ 3 ವೋಲ್ಟಿನ ಬಿಲ್ಲೆಯಂಥ ಸೆಲ್ ಇರುವುದು. ಕೀಯ ಗುರುತು ಗಾಡಿಯ ಕಂಟ್ರೋಲ್ ಯೂನಿಟ್ಟಿನಲ್ಲಿ, ಅಂದರೆ ಅದರ ಎಲೆಕ್ಟ್ರಾನಿಕ್ ಮಿದುಳಿನಲ್ಲಿ, ದಾಖಲಾಗಿರುತ್ತದೆ. ಗುರುತಿರುವ ಕೀ ಒಂದಿದ್ದರೆ ಅದರ ಸಾಕ್ಷ್ಯದ ಮೇಲೆ ಹೊಸ ಕೀಯನ್ನು ಸೇರಿಸಿಕೊಳ್ಳಲು ಅನೇಕ ಗಾಡಿಗಳು ಒಪ್ಪುತ್ತವೆ. ಒಂದೂ ಇಲ್ಲದಿದ್ದರೆ ಯಾವುದನ್ನು ನಂಬಬೇಕೆಂದು ಗಾಡಿಗೆ ತಿಳಿಯುವುದಿಲ್ಲ; ಆಗ ಕಂಪನಿಯ ಉಪಕರಣ, ಕಂಪನಿಯ ಅನುಮತಿ, ಕೆಲವು ಮಾಡೆಲ್‌ಗಳಲ್ಲಿ ಹೊಸ ಕಂಟ್ರೋಲ್ ಯೂನಿಟ್ಟೇ ಬೇಕಾಗುತ್ತದೆ.

ಯಮಾಹಾದ ಇಮ್ಮೊಬಿಲೈಜರ್ ಇರುವ ಹಲವು ಮಾಡೆಲ್‌ಗಳಲ್ಲಿ ಎರಡು ಕಪ್ಪು ಕೀಗಳ ಜೊತೆ ಕೆಂಪು ಹಿಡಿಯ ಇನ್ನೊಂದು ಕೀ ಕೊಡುತ್ತಾರೆ. ಹೊಸ ಗುರುತುಗಳನ್ನು ನೋಂದಾಯಿಸಲು ಬೇಕಾಗುವುದು ಆ ಕೆಂಪು ಕೀ. ಅದನ್ನು ಓಡಾಟಕ್ಕೆ ಬಳಸದೆ ಜೋಪಾನವಾಗಿಡಬೇಕೆಂದು ಮಾಲೀಕರ ಕೈಪಿಡಿಯಲ್ಲೇ ಎಚ್ಚರಿಸಿದ್ದಾರೆ. ಹಾರ್ಲೆ ಡೇವಿಡ್‌ಸನ್‌ನ ಫಾಬ್, ಅಂದರೆ ಜೇಬಿನಲ್ಲಿಟ್ಟುಕೊಳ್ಳುವ ಎಲೆಕ್ಟ್ರಾನಿಕ್ ಕೀ, ಇರುವ ಗಾಡಿಗಳಲ್ಲಿ ಐದಂಕಿಯ ಪಿನ್ ಒಂದಿರುತ್ತದೆ. ಫಾಬ್ ಕೈಯಲ್ಲಿಲ್ಲದಿದ್ದರೂ ಇಂಡಿಕೇಟರ್ ಸ್ವಿಚ್ಚುಗಳನ್ನು ಒತ್ತಿ ಆ ಅಂಕಿಗಳನ್ನು ಕೊಟ್ಟರೆ ಗಾಡಿ ಮಾತು ಕೇಳುತ್ತದೆ. ಒಂದೊಂದು ಕಂಪನಿಯದು ಒಂದೊಂದು ದಾರಿ ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ನಾನು ಕೊಂಡ ಗಾಡಿಯ ದಾರಿ ಯಾವುದು, ಕೀ ಕಳೆದರೆ ಏನಾಗುತ್ತದೆ, ಯಾವುದನ್ನು ಎಲ್ಲಿ ಎತ್ತಿಡಬೇಕು ಎಂದು ಎರಡು ನಿಮಿಷ ಹೇಳುವುದು ಮಾರುವವರ ಕರ್ತವ್ಯವೆಂದು ನಾನು ದೃಢವಾಗಿ ನಂಬಿದ್ದೇನೆ. ಎಲ್ಲವೂ ಕೈಪಿಡಿಯಲ್ಲಿದೆ, ನೀವೇ ಓದಬೇಕಿತ್ತು ಎಂದು ಮ್ಯಾನೇಜರ್ ನನಗೆ ಹೇಳಿದರು. ವಾರಂಟಿಯ ಷರತ್ತುಗಳೂ ಪುಸ್ತಕದಲ್ಲಿದ್ದವು. ಅವನ್ನು ಮಾತ್ರ ಬಾಯಿಪಾಠ ಮಾಡಿ ಒಪ್ಪಿಸಿದವರಿಗೆ ಇದು ಏಕೆ ನೆನಪಾಗಲಿಲ್ಲ?

ಗಾಡಿಯನ್ನು ಸಾಗಿಸುವುದೇ ಒಂದು ಪಾಡಾಯಿತು. ಹ್ಯಾಂಡಲ್ ಲಾಕ್ ಆಗಿದ್ದರಿಂದ ತಳ್ಳಿಕೊಂಡು ಹೋಗುವಂತಿರಲಿಲ್ಲ, ಉಪಕರಣದೊಂದಿಗೆ ಮೆಕ್ಯಾನಿಕ್‌ನನ್ನು ಕಳುಹಿಸಿ ಎಂದರೆ ಅಂಥ ವ್ಯವಸ್ಥೆ ಇಲ್ಲ ಎಂದರು, ಕೊನೆಗೆ ನಾಲ್ಕು ಜನ ಸೇರಿ ಎತ್ತಿ ಸರಕು ಗಾಡಿಗೆ ಏರಿಸಿದೆವು. ಮಾಲೀಕತ್ವದ ದಾಖಲೆ, ಗುರುತಿನ ಚೀಟಿ ಎಲ್ಲವನ್ನೂ ಕೇಳಿದರು, ಕೊಟ್ಟೆ. ಅದು ಸರಿಯಾದ ಕ್ರಮ. ಯಾರೋ ಬಂದು ನನ್ನ ಗಾಡಿಗೆ ಕೀ ಮಾಡಿಸಿಕೊಳ್ಳುವಂತಾಗಬಾರದು.

ಮೊದಲ ಎಸ್ಟಿಮೇಟ್ ನೋಡಿದಾಗ ನನ್ನ ಕೈ ನಡುಗಿತು. ಇಗ್ನಿಷನ್, ಸೀಟು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ, ಮೂರರ ಬೀಗಗಳೂ ಸೇರಿದ ಪೂರ್ತಿ ಲಾಕ್ ಸೆಟ್ ಬದಲಿಸಬೇಕೆಂದು ಅದರಲ್ಲಿ ಬರೆದಿದ್ದರು. ಏಕೆ ಎಂದು ಕೇಳಿದರೆ, ಹಳೆಯ ಕೀ ಇಲ್ಲದೆ ಹೊಸದನ್ನು ಕತ್ತರಿಸಲಾಗದು ಎಂದರು. ಗಾಡಿಯ ಕಾಗದಪತ್ರಗಳ ಕವರಿನಲ್ಲಿ ಒಂದು ಸಣ್ಣ ಲೋಹದ ಬಿಲ್ಲೆ ಇದ್ದದ್ದು ನನಗೆ ನೆನಪಿತ್ತು, ಅದರ ಮೇಲೆ ಒಂದಿಷ್ಟು ಅಂಕಿಗಳಿದ್ದವು. ಅದು ಕೀ ನಂಬರ್. ಆ ನಂಬರಿನಿಂದ, ಹಳೆಯ ಕೀ ಇಲ್ಲದಿದ್ದರೂ, ಹೊಸ ಕೀಯ ಹಲ್ಲುಗಳನ್ನು ಕತ್ತರಿಸಬಹುದು. ಬಿಲ್ಲೆಯನ್ನು ತೆಗೆದು ಮೇಜಿನ ಮೇಲಿಟ್ಟಾಗ ಅಡ್ವೈಸರ್ ಏನೂ ಮಾತಾಡದೆ ಆ ಸಾಲನ್ನು ಅಳಿಸಿದರು. ಎಸ್ಟಿಮೇಟ್ ಬರೆಯುವ ಮೊದಲು, "ಸರ್, ಕೀ ನಂಬರ್ ಇರುವ ಬಿಲ್ಲೆ ನಿಮ್ಮ ಬಳಿ ಇದೆಯೇ" ಎಂದು ಕೇಳಲು ಅವರಿಗೆ ಎಷ್ಟು ಶ್ರಮವಾಗುತ್ತಿತ್ತು? ಆ ಬಿಲ್ಲೆ ಏನೆಂದೇ ಗೊತ್ತಿಲ್ಲದೆ, ಪೂರ್ತಿ ಲಾಕ್ ಸೆಟ್ಟಿಗೆ ಹಣ ಕಟ್ಟಿ, ಇದು ಹೀಗೇ ಇರಬೇಕು ಎಂದು ಸುಮ್ಮನೆ ಮನೆಗೆ ಹೋದವರು ಎಷ್ಟು ಮಂದಿ ಇರಬಹುದು ಎಂದು ಯೋಚಿಸಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಒಂದು ವಾರದಲ್ಲಿ ಬರುತ್ತದೆ ಎಂದ ಕೀ ಮೂರನೆಯ ವಾರ ಬಂತು. ಮತ್ತೆ ಇದೇ ಗತಿ ಆಗಬಾರದೆಂದು ಎರಡು ಕೀಗಳಿಗೆ ಮುಂಗಡ ಕಟ್ಟಿದ್ದೆ. ಆ ದಿನ ಸರ್ವಿಸ್ ಬೇಯ ಗಾಜಿನ ಈಚೆ ನಿಂತು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಹುಡುಗ ಸೀಟಿನ ಕೆಳಗಿನ ಕನೆಕ್ಟರಿಗೆ ಉಪಕರಣದ ತಂತಿ ಸಿಕ್ಕಿಸಿದ, ಪರದೆಯಲ್ಲಿ ಬಂದ ಸೂಚನೆಯಂತೆ ಮೊದಲ ಕೀ ಹಿಡಿದ, ನಂತರ ಎರಡನೆಯದನ್ನು ಹಿಡಿದ, ಗಾಡಿ ಚಾಲೂ ಮಾಡಿ ನೋಡಿದ, ತಂತಿ ಕಿತ್ತ. ಗಡಿಯಾರ ನೋಡಿಕೊಂಡೇ ನಿಂತಿದ್ದೆ; ಹನ್ನೊಂದು ನಿಮಿಷ. ಆ ಹುಡುಗ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ, ಅವನ ಮೇಲೆ ನನಗೆ ಎಳ್ಳಷ್ಟೂ ಕೋಪವಿಲ್ಲ, ಈ ಬಿಲ್ಲಿನ ಹಣದಲ್ಲಿ ಅವನ ಕೈಗೆ ಹೋಗುವುದು ಬಹಳ ಸಣ್ಣ ಪಾಲು ಎಂದೇ ನನ್ನ ಅನಿಸಿಕೆ.

ಬಿಲ್ಲಿನ ಮೊದಲ ಎರಡು ಸಾಲು, ಎರಡು ಕೀಗಳ ಬೆಲೆ ಮತ್ತು ಕತ್ತರಿಸಿದ ಕೂಲಿ, ನ್ಯಾಯವಾಗಿಯೇ ಇದ್ದವು. ಮೂರನೆಯದು ಮೊದಲ ಕೀಯ ಪ್ರೋಗ್ರಾಮಿಂಗ್, ಅಂದರೆ ಅದನ್ನು ಗಾಡಿಯಲ್ಲಿ ನೋಂದಾಯಿಸಿದ್ದಕ್ಕೆ. ನಾಲ್ಕನೆಯದು ಎರಡನೆಯ ಕೀಯ ಪ್ರೋಗ್ರಾಮಿಂಗ್, ಮೊದಲಿನದಷ್ಟೇ ದರ, ತಂತಿಯನ್ನು ಕೀಳದೆ ಅದೇ ಸರದಿಯಲ್ಲಿ ಮಾಡಿದ ಒಂದು ನಿಮಿಷದ ಕೆಲಸಕ್ಕೆ. ಐದನೆಯದು ಡಯಾಗ್ನೋಸ್ಟಿಕ್ ಚಾರ್ಜ್. ಗಾಡಿಯಲ್ಲಿ ಯಾವ ದೋಷವೂ ಇರಲಿಲ್ಲ, ಯಾರೂ ದೋಷ ಹುಡುಕಲಿಲ್ಲ, ಕೀ ಇಲ್ಲ ಎಂಬುದನ್ನು ನಾನೇ ಹೇಳಿದ್ದೆ. ಆದರೂ ಉಪಕರಣ ಜೋಡಿಸಿದರೆ ಆ ಸಾಲು ತಾನಾಗಿಯೇ ಬರುತ್ತದಂತೆ. ಆರನೆಯದು ಒಂದು ಗಂಟೆಯ ಲೇಬರ್ ಚಾರ್ಜ್, ಏಕೆಂದರೆ ಒಂದು ಗಂಟೆಗಿಂತ ಕಡಿಮೆ ಲೆಕ್ಕ ಅವರಲ್ಲಿಲ್ಲ. ಪ್ರೋಗ್ರಾಮಿಂಗ್ ಎಂದು ಎರಡು ಸಲ ಹಣ ಪಡೆದ ಮೇಲೆ, ಅದೇ ಹನ್ನೊಂದು ನಿಮಿಷಗಳಿಗೆ ಮತ್ತೆ ಲೇಬರ್ ಏಕೆ ಎಂದು ಕೇಳಿದೆ. ಪ್ರೋಗ್ರಾಮಿಂಗ್ ಬೇರೆ, ಲೇಬರ್ ಬೇರೆ ಎಂದರು. ಹಾಗಾದರೆ ಲೇಬರ್ ಎಂದು ಮಾಡಿದ ಕೆಲಸ ಯಾವುದು ಎಂದರೆ, ಪ್ರೋಗ್ರಾಮಿಂಗ್ ಎಂದರು. ಏಳನೆಯದು ಸಾಫ್ಟ್‌ವೇರ್ ಸಂಪರ್ಕ ಶುಲ್ಕ. ಎಂಟನೆಯದು ಕನ್‌ಸ್ಯೂಮಬಲ್ಸ್, ಅಂದರೆ ಎಣ್ಣೆ, ಗ್ರೀಸು, ಒರೆಸುವ ಬಟ್ಟೆಯಂಥ ಖರ್ಚಾಗುವ ಸಾಮಗ್ರಿ. ಒಂದು ಹನಿ ಎಣ್ಣೆಯೂ ಬೀಳದ ಕೆಲಸಕ್ಕೆ ಅದನ್ನು ಸೇರಿಸಿದ್ದರು. ಒಂಬತ್ತನೆಯದನ್ನು ಓದಿದಾಗ ನನ್ನ ತಾಳ್ಮೆ ಕಟ್ಟೊಡೆಯಿತು: ಗಾಡಿ ಅವರ ಅಂಗಳದಲ್ಲಿ ನಿಂತಿದ್ದ ದಿನಗಳಿಗೆ ನಿಲುಗಡೆ ಶುಲ್ಕ. ಕೀ ತರಿಸಲು ತಡಮಾಡಿದವರು ಅವರು. ಕೀ ಇಲ್ಲದ ಗಾಡಿಯನ್ನು ನಾನು ಹೇಗೆ ಒಯ್ಯಬೇಕಿತ್ತು?

"ಸಿಸ್ಟಮ್‌ನಲ್ಲಿ ಹಾಗೇ ಬರುತ್ತದೆ ಸರ್" ಎಂಬುದು ಎಲ್ಲಕ್ಕೂ ಒಂದೇ ಉತ್ತರ. ಸಿಸ್ಟಮ್‌ಗೆ ಆ ದರಗಳನ್ನು ತುಂಬಿದವರು ಮನುಷ್ಯರೇ ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ, ಸುತ್ತ ಇದ್ದವರು ತಿರುಗಿ ನೋಡಿದರು, ಅದಕ್ಕೆ ನನಗೇನೂ ಸಂಕೋಚವಾಗಲಿಲ್ಲ.

ಇಷ್ಟೆಲ್ಲ ವಸೂಲಿ ಮಾಡಿದವರು ನಿಜವಾಗಿ ಮುಖ್ಯವಾದ ಒಂದು ವಿಷಯದಲ್ಲಿ ಬಾಯಿಯನ್ನೇ ಬಿಟ್ಟಿರಲಿಲ್ಲ. ಕಳೆದುಹೋದ ನನ್ನ ಹಳೆಯ ಕೀಗಳು ಯಾರ ಕೈಯಲ್ಲೋ ಇರಬಹುದು. ಅವುಗಳ ಗುರುತನ್ನು ಗಾಡಿಯ ನೆನಪಿನಿಂದ ಅಳಿಸದಿದ್ದರೆ, ಅವುಗಳಲ್ಲಿ ಒಂದನ್ನು ಜೇಬಿನಲ್ಲಿಟ್ಟುಕೊಂಡವನು ನನ್ನ ಗಾಡಿಯ ಬಳಿ ಬಂದು ನಿಂತರೆ ಸಾಕು. ಹೊಸ ಕೀಗಳನ್ನು ನೋಂದಾಯಿಸುವಾಗ ಹಳೆಯವು ತಾವಾಗಿಯೇ ಅಳಿದುಹೋಗುವ ಗಾಡಿಗಳಿವೆ, ಬೇರೆಯಾಗಿ ಅಳಿಸಬೇಕಾದವೂ ಇವೆ. ನನ್ನದರಲ್ಲಿ ಏನಾಗಿದೆ ಎಂದು ಕೇಳಿದಾಗ ಅಡ್ವೈಸರಿಗೂ ತಿಳಿದಿರಲಿಲ್ಲ, ಮ್ಯಾನೇಜರಿಗೂ ತಿಳಿದಿರಲಿಲ್ಲ. ಕೊನೆಗೆ ಅದೇ ಹುಡುಗನನ್ನು ಕರೆಸಿದರು; ಅವನು ಮತ್ತೆ ತಂತಿ ಜೋಡಿಸಿ, ಎರಡೇ ಕೀಗಳು ದಾಖಲಾಗಿವೆ ಎಂಬುದನ್ನು ಪರದೆಯಲ್ಲಿ ನನಗೆ ತೋರಿಸಿದ. ಅದನ್ನು ನಾನು ಕೇಳಿ ಪಡೆಯಬೇಕಾಯಿತು.

ಕೊನೆಗೆ ಅವರು ಹಿಡಿದ ವಾದ ಸುರಕ್ಷತೆಯದು. ಈ ಕೆಲಸ ಹೊರಗೆಲ್ಲೂ ಆಗಬಾರದು, ಉಪಕರಣ ನಮ್ಮಲ್ಲಿ ಮಾತ್ರ ಇರುವುದರಿಂದಲೇ ನಿಮ್ಮ ಗಾಡಿ ಸುರಕ್ಷಿತ, ಆ ಸುರಕ್ಷತೆಗೆ ಬೆಲೆ ಇದೆ ಎಂದರು. ಗುಟ್ಟಾಗಿಟ್ಟ ಮಾತ್ರಕ್ಕೆ ಬೀಗ ಭದ್ರವಾಗುವುದಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತಯಾರಿಸಿದ, ಲಕ್ಷಾಂತರ ಕಾರುಗಳ ಕೀಗಳಲ್ಲಿದ್ದ 40 ಬಿಟ್ ಗುಪ್ತ ಸಂಖ್ಯೆಯ ಚಿಪ್ಪನ್ನು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮತ್ತು ಆರ್‌ಎಸ್‌ಎ ಪ್ರಯೋಗಾಲಯದ ಸಂಶೋಧಕರು 2005ರಲ್ಲೇ ಭೇದಿಸಿ ತೋರಿಸಿದ್ದರು. ಅದರ ಒಳಗಿನ ಲೆಕ್ಕ ಹೊರಗಿನವರಿಗೆ ಗೊತ್ತಿಲ್ಲ ಎಂಬುದು ಅದನ್ನು ಕಾಪಾಡಲಿಲ್ಲ. ಯುರೋಪಿಯನ್ ಒಕ್ಕೂಟದ 168/2013 ಸಂಖ್ಯೆಯ ನಿಯಮವು ಮೋಟಾರ್‌ಸೈಕಲ್ ತಯಾರಕರು ರಿಪೇರಿ ಮಾಹಿತಿಯನ್ನು ಹೊರಗಿನ ಸ್ವತಂತ್ರ ರಿಪೇರಿಯವರಿಗೂ ಒದಗಿಸಬೇಕೆಂದು ಹೇಳುತ್ತದೆ. ಮಾಲೀಕತ್ವವನ್ನು ಪರಿಶೀಲಿಸಿ, ದಾಖಲೆ ಇಟ್ಟು, ನಂಬಿಕಸ್ಥ ಕೀ ಕೆಲಸದವನೂ ಇದನ್ನು ಮಾಡಬಹುದು. ಬೇರೆ ಬಾಗಿಲು ಇಲ್ಲವೆಂಬ ಧೈರ್ಯ ಇಲ್ಲದಿದ್ದರೆ, ಹನ್ನೊಂದು ನಿಮಿಷಗಳನ್ನು ಐದಾರು ಹೆಸರುಗಳಲ್ಲಿ ಮಾರಲು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ.

ಎರಡು ಗಂಟೆ ಕೌಂಟರಿನ ಮುಂದೆ ನಿಂತ ಮೇಲೆ ನಿಲುಗಡೆ ಶುಲ್ಕವನ್ನೂ ಕನ್‌ಸ್ಯೂಮಬಲ್ಸ್ ಸಾಲನ್ನೂ ತೆಗೆದರು, ಉಳಿದದ್ದು ಹಾಗೆಯೇ ಉಳಿಯಿತು, ಗಾಡಿ ಇಲ್ಲದೆ ಇನ್ನೊಂದು ದಿನವೂ ನಡೆಯದ ಸ್ಥಿತಿಯಲ್ಲಿದ್ದ ನಾನು ಕಟ್ಟಿ ಬಂದೆ. ಆ ರಾತ್ರಿಯೇ ಬಿಲ್ಲಿನ ಪ್ರತಿಯನ್ನು ಲಗತ್ತಿಸಿ ಡೀಲರಿಗೂ ಕಂಪನಿಯ ಗ್ರಾಹಕ ವಿಭಾಗಕ್ಕೂ ಪತ್ರ ಬರೆದೆ. ಎರಡನೆಯ ಕೀಗೆ ಮತ್ತೆ ಪೂರ್ತಿ ದರ ಏಕೆ, ದೋಷವಿಲ್ಲದ ಗಾಡಿಗೆ ಡಯಾಗ್ನೋಸ್ಟಿಕ್ ಏಕೆ, ಪ್ರೋಗ್ರಾಮಿಂಗ್ ದರದ ಮೇಲೆ ಲೇಬರ್ ಏಕೆ, ಸಾಫ್ಟ್‌ವೇರ್ ಸಂಪರ್ಕ ಶುಲ್ಕ ಎಂದರೇನು ಎಂದು ಸಾಲುಸಾಲಾಗಿ ಕೇಳಿದ್ದೇನೆ. ನಮ್ಮ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುವ ಸಂದೇಶ ಮರುದಿನವೇ ಬಂತು. ಪತ್ರಕ್ಕೆ ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ವಾರಕ್ಕೊಮ್ಮೆ ಅದೇ ಪತ್ರವನ್ನು ಕಳುಹಿಸುತ್ತೇನೆ. ಹೊಸ ಕೀಗಳಲ್ಲಿ ಒಂದನ್ನು ಆ ಬಿಲ್ಲೆಯ ಜೊತೆ ಬೀರುವಿನಲ್ಲಿ ಇಟ್ಟಿದ್ದೇನೆ, ಬಿಲ್ಲೆಯ ಅಂಕಿಗಳನ್ನು ಬೇರೊಂದು ಕಡೆ ಬರೆದಿಟ್ಟಿದ್ದೇನೆ. ಇದನ್ನೂ ನನಗೆ ಅಲ್ಲಿ ಯಾರೂ ಹೇಳಿಕೊಡಲಿಲ್ಲ.